ಒಂದೂವರೆ ಸುತ್ತು ಕಳೆದುಕೊಂಡ ಸ್ಪ್ರಿಂಗ್

ನಾನೊಂದು ಸ್ಪ್ರಿಂಗ್. ಬಿಳಿ ಬಣ್ಣದ ಒಂದು ಕಾರಿನ ಮುಂದಿನ ಎಡಚಕ್ರದ ಪಕ್ಕದಲ್ಲಿ ಹನ್ನೆರಡು ವರ್ಷ ಬಾಳಿದೆ. ಸುಮ್ಮನಿರುವುದು ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಕಾರು ಓಡಿದರೆ ನಾನು ಕುಗ್ಗಬೇಕು, ಹಿಗ್ಗಬೇಕು. ಕಾರು ನಿಂತರೂ ಮುನ್ನೂರು ಕಿಲೋ ಭಾರ ತಲೆಯ ಮೇಲಿರುತ್ತದೆ. ಅದನ್ನು ಎತ್ತಿ ಎಸೆಯಬೇಕೆಂಬ ಚಡಪಡಿಕೆ ಒಳಗೆ ಇದ್ದೇ ಇರುತ್ತದೆ. ಆ ಚಡಪಡಿಕೆಯೇ ನನ್ನ ಕಸುಬು.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಕಿರುಬೆರಳಿನಷ್ಟು ದಪ್ಪದ ಉಕ್ಕಿನ ಸರಳಾಗಿದ್ದೆ. ಕೆಂಪಗೆ ಕಾಯಿಸಿ ಒಂದು ಉರುಳೆಗೆ ಸುತ್ತಿದರು. ಸರಿಯಾಗಿ ಆರು ಸುತ್ತು. ಮೈಯ ಕೆಂಪು ಇಳಿಯುವ ಮೊದಲೇ ಎಣ್ಣೆಯ ತೊಟ್ಟಿಗೆ ಹಾಕಿದರು. ಆ ಹೊತ್ತಿನಲ್ಲಿ ಮೈಗೆ ಬಂದ ಬಿಗಿ ಈವತ್ತಿಗೂ ಪೂರ್ತಿ ಬಿಟ್ಟಿಲ್ಲ. ಕಪ್ಪು ಬಣ್ಣ ಬಳಿದು, ನನ್ನಂತೆಯೇ ಇರುವ ಇನ್ನೊಂದರ ಜೊತೆ ಕಟ್ಟಿ ಕಳಿಸಿದರು. ಅದು ಬಲಚಕ್ರಕ್ಕೆ ಹೋಯಿತು, ನಾನು ಎಡಕ್ಕೆ ಬಂದೆ. ಒಂದೇ ಕಾರಿನಲ್ಲಿದ್ದೂ ನಾವು ಮತ್ತೆ ಮುಖ ನೋಡಿಕೊಳ್ಳಲಿಲ್ಲ.

ಕಾರನ್ನು ಮೊದಲು ಕೊಂಡವರು ಮಂಗಳೂರಿನ ಹಂಪನಕಟ್ಟೆಯಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದ ವಾಮನ ಪ್ರಭುಗಳು. ಚಕ್ರದ ಸಂದಿನಲ್ಲಿ ಕೂತ ನನಗೆ ಮನುಷ್ಯರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ಪ್ರಭುಗಳೆಂದರೆ ನನಗೆ ಒಂದು ಜೊತೆ ಕಂದು ಚಪ್ಪಲಿ. ಮೂವತ್ತರ ವೇಗ ದಾಟಿದರೆ ಅಂಗಡಿಯ ಗಡಿಯಾರಗಳೆಲ್ಲ ನಿಂತುಹೋಗುತ್ತವೆ ಎಂಬಂತೆ ಅವರು ಕಾರು ಬಿಡುತ್ತಿದ್ದರು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಒಂಬತ್ತು ವರ್ಷ ಹಾಗೇ ಕಳೆಯಿತು. ಪಕ್ಕದಲ್ಲಿ ಬೇರೆ ಕಾರುಗಳು ಸುಯ್ಯೆಂದು ಹೋಗುವಾಗ ನನಗೆ ಒಳಗೊಳಗೇ ಕುದಿಯುತ್ತಿತ್ತು. ಒಮ್ಮೆಯಾದರೂ ಈ ಮನುಷ್ಯ ಕಾಲನ್ನು ಜೋರಾಗಿ ಒತ್ತಬಾರದೇ ಎಂದು ಹಾರೈಸುತ್ತಿದ್ದೆ. ಆ ಹಾರೈಕೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಣ್ಣಿನ ಪೊರೆ ಬಂದ ಮೇಲೆ ಪ್ರಭುಗಳು ಕಾರು ಮಾರಿದರು. ಕೊಂಡವನು ಹೊಯಿಗೆ ಬಜಾರಿನ ಪ್ರಖ್ಯಾತ್ ಬಂಗೇರ. ಇಪ್ಪತ್ತೇಳರ ಪ್ರಾಯ, ಬಿಳಿ ಬೂಟು, ನಿಂತಲ್ಲಿ ನಿಲ್ಲದ ಕಾಲು. ಬಂದರಿನ ಮೀನು ದೋಣಿಗಳಿಗೆ ಮಂಜುಗಡ್ಡೆ ಕೊಡುವ ಐಸ್ ಪ್ಲಾಂಟ್ ಅವನ ಮನೆಯವರದ್ದು. ಅಪ್ಪ ತೀರಿಕೊಂಡ ಮೇಲೆ ಅವನೇ ನೋಡಿಕೊಳ್ಳುತ್ತಿದ್ದ. ಮೊದಲ ದಿನವೇ ಪಣಂಬೂರಿನ ರಸ್ತೆಯಲ್ಲಿ ನನ್ನನ್ನು ತೊಂಬತ್ತರ ವೇಗದಲ್ಲಿ ಓಡಿಸಿದ. ಹೊಂಡಕ್ಕೆ ಬಿದ್ದು ಎದ್ದಾಗ ನಾನು ಒಂಬತ್ತು ವರ್ಷದ ತೂಕಡಿಕೆಯನ್ನು ಒಂದೇ ನೆಗೆತದಲ್ಲಿ ಕೊಡವಿಕೊಂಡೆ.

ಮನೆಯಲ್ಲಿ ಅವನಿಗೆ ಒಬ್ಬಳು ಅಕ್ಕ, ಹರಿಣಾಕ್ಷಿ. ಹತ್ತು ವರ್ಷ ದೊಡ್ಡವಳು. ಅವಳ ಎತ್ತರ ಮೂರು ಅಡಿ ಎಂಟು ಇಂಚು. ಹುಟ್ಟಿನಿಂದ ಬಂದ ಗುಣ, ಮೈ ಅಷ್ಟಕ್ಕೇ ಬೆಳೆದು ನಿಂತಿತ್ತು. ಅತ್ತಾವರದಲ್ಲಿ ಅವಳದ್ದೇ ಒಂದು ಚಿಕ್ಕ ಲ್ಯಾಬು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕೃತಕ ಹಲ್ಲು ಮಾಡುವ ಕೆಲಸ. ಮುಖ ಕಾಣದ ನನಗೆ ಮೊದಲ ಬಾರಿಗೆ ಕಂಡ ಮನುಷ್ಯರ ಮುಖ ಅವಳದ್ದು. ಕಾರಿನ ಪಕ್ಕ ನಿಂತು ಸ್ವಲ್ಪ ಬಗ್ಗಿದರೆ ಸಾಕು, ಅವಳ ಕಣ್ಣು ಚಕ್ರದ ಸಂದಿಗೆ ನೇರ ಬರುತ್ತಿತ್ತು. ಅಗಲ ಹಣೆ, ದಪ್ಪ ಕನ್ನಡಕ, ತೀರ ಹತ್ತಿರದಿಂದ ನೋಡುವ ಅಭ್ಯಾಸ.

ಕಾರು ಹತ್ತುವುದು ಅವಳಿಗೆ ಕಷ್ಟವಿತ್ತು. ಪ್ರಖ್ಯಾತ್ ಒಂದು ಸ್ಟೂಲು ಇಡುತ್ತಿದ್ದ. ಅವಸರವಿದ್ದರೆ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುತ್ತಿದ್ದ. ಎತ್ತುವಾಗ ಅವಳು ಮರಗಟ್ಟಿದಂತಾಗಿ ಬೇರೆ ಕಡೆ ನೋಡುತ್ತಿದ್ದಳು. ಅವಳಿಗೆ ಆಗ ಮೂವತ್ತೇಳು ವರ್ಷ. ಬಸ್ಸಿನ ಮೆಟ್ಟಿಲು, ಆಟೊದ ಸೀಟು, ಬ್ಯಾಂಕಿನ ಕೌಂಟರು, ಎಲ್ಲ ಕಡೆ ಅವಳನ್ನು ಯಾರೋ ಒಬ್ಬರು ಎತ್ತಿದವರೇ.

ಆ ವರ್ಷ ಪ್ರಖ್ಯಾತನಿಗೆ ಹುಚ್ಚು ಹಿಡಿಯಿತು. ಸುರತ್ಕಲ್ಲಿನ ಕಡಲ ಬದಿಯಲ್ಲಿ ಒಂದು ಭಾನುವಾರ ನೆಲಕ್ಕೆ ತಾಗುವಂತೆ ತಗ್ಗಿಸಿದ ಕಾರುಗಳು ಸಾಲಾಗಿ ನಿಂತದ್ದನ್ನು ನೋಡಿದ್ದ. ಮರುದಿನ ಪಡೀಲಿನ ಸಿರಿಲಣ್ಣನ ಗ್ಯಾರೇಜಿಗೆ ಕಾರು ತಂದ. ಸಿರಿಲ್ ಡಿಕುನ್ಹಾ ನಲವತ್ತು ವರ್ಷದಿಂದ ಚಕ್ರಗಳ ಓರೆಕೋರೆ ತಿದ್ದುವ ಕೆಲಸ ಮಾಡುತ್ತಿದ್ದ ಮನುಷ್ಯ. ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ, ನಿಧಾನದ ನಡಿಗೆ.

"ಕಾರು ರೋಡಿಗೆ ಮುತ್ತು ಕೊಡ್ಬೇಕು ಸಿರಿಲಣ್ಣ. ಸ್ಪ್ರಿಂಗ್ ಕಟ್ ಮಾಡಿ ಕೊಡಿ."

"ಮುತ್ತು ಕೊಡ್ಲಿಕ್ಕೆ ಹೋದ್ರೆ ಮೂತಿ ಒಡೀತದೆ ಮಾರಾಯ. ಸ್ಪ್ರಿಂಗ್ ಕತ್ತರಿಸುದು ನನ್ನ ಕೆಲಸ ಅಲ್ಲ. ತಗ್ಗು ಮಾಡ್ಬೇಕಾ, ಅದಕ್ಕೇಂತ ಮಾಡಿದ ಗಿಡ್ಡ ಸ್ಪ್ರಿಂಗ್ ಉಂಟು, ಶಾಕ್ ಅಬ್ಸಾರ್ಬರ್ ಉಂಟು. ತರಿಸಿ ಹಾಕುವಾ. ಮೂರು ತಿಂಗಳು ಕಾಯಿ."

ಮೂರು ತಿಂಗಳು ಕಾಯುವ ಕಾಲು ಅದಲ್ಲ. ಅವನು ಊರಾಚೆಯ ಒಂದು ಶೆಡ್ಡಿಗೆ ಹೋದ. ಅಲ್ಲಿಯವನು ನನ್ನನ್ನು ಹೊರತೆಗೆದು, ಸೀಮೆಸುಣ್ಣದಲ್ಲಿ ಗೀಟು ಹಾಕಿ, ತಿರುಗುವ ಕಲ್ಲು ಇಟ್ಟ. ಕಿಡಿ ಹಾರಿತು. ನನ್ನ ಒಂದೂವರೆ ಸುತ್ತು ಠಣ್ಣೆಂದು ಸಿಮೆಂಟಿನ ನೆಲಕ್ಕೆ ಬಿತ್ತು, ಸ್ವಲ್ಪ ದೂರ ಉರುಳಿತು, ಮಗುಚಿತು. ಅದು ನಾನೇ. ಬೆಂಚಿನ ಮೇಲೆ ಉಳಿದದ್ದೂ ನಾನೇ. ಯಾವುದನ್ನು ನಾನೆಂದುಕೊಳ್ಳಬೇಕೋ ತಿಳಿಯದೆ ಒದ್ದಾಡಿದೆ. ಅಷ್ಟರಲ್ಲಿ ಉಳಿದದ್ದನ್ನು ಮತ್ತೆ ಕಾರಿಗೆ ಸೇರಿಸಿ ಭಾರ ಹೇರಿದರು.

ಕಾರು ನಾಲ್ಕು ಬೆರಳು ಕುಸಿಯಿತು. ಕುಸಿದಾಗ ಚಕ್ರದ ತಲೆ ತಾನಾಗಿಯೇ ಸ್ವಲ್ಪ ಒಳಕ್ಕೆ ವಾಲಿತು. ಈ ವಾಲುವಿಕೆಗೆ ಗ್ಯಾರೇಜಿನವರು ಕ್ಯಾಂಬರ್ ಎನ್ನುತ್ತಾರೆ. ಪ್ರಖ್ಯಾತನಿಗೆ ಅದು ಸಾಲಲಿಲ್ಲ. ಬೋಲ್ಟಿನ ತೂತು ಅರದಿಂದ ಉಜ್ಜಿ ಅಗಲ ಮಾಡಿಸಿ ಏಳು ಡಿಗ್ರಿ ವಾಲಿಸಿದ. ಅಗಲವಾದ ಹೊಳೆಯುವ ರಿಮ್ಮು ಹಾಕಿಸಿದ. ತಲೆ ಒಳಗೆ, ಪಾದ ಹೊರಗೆ, ಕಾಲಗಲಿಸಿ ನೆಲಕ್ಕೆ ಕೂರಹೊರಟ ಪ್ರಾಣಿಯಂತೆ ಕಾರು ನಿಂತಿತು.

ನಿಜ ಹೇಳುತ್ತೇನೆ, ನನಗೂ ಹೆಮ್ಮೆಯಾಯಿತು. ಬಂದರಿನ ಜನ ಸುತ್ತ ನೆರೆದರು. ಎಷ್ಟೊಂದು ಕಾಲುಗಳು! ಫೋಟೊ ತೆಗೆದರು. ಕಡಲ ಬದಿಯ ಕೂಟದಲ್ಲಿ ಪ್ರಖ್ಯಾತನಿಗೆ ಬಹುಮಾನದ ಕಪ್ಪು ಸಿಕ್ಕಿತು. ಆದರೆ ನನ್ನ ಸ್ವಭಾವ ಬದಲಾಗಿತ್ತು. ಸುತ್ತು ಕಡಿಮೆಯಾದ ಸ್ಪ್ರಿಂಗ್ ಗಡುಸಾಗುತ್ತದೆ. ಮೊದಲು ಹೊಂಡವನ್ನು ಮೆಲ್ಲಗೆ ನುಂಗಿಕೊಳ್ಳುತ್ತಿದ್ದ ನಾನು ಈಗ ಸಣ್ಣ ಕಲ್ಲಿಗೂ ಸಿಡುಕುತ್ತಿದ್ದೆ. ಕುಗ್ಗಲು ಜಾಗವಿಲ್ಲದೆ ಕೆಳಗಿನ ರಬ್ಬರಿಗೆ ಮತ್ತೆ ಮತ್ತೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಚಕ್ರ ಹೊಂಡಕ್ಕೆ ಇಳಿದರೆ ಒಂದು ಕ್ಷಣ ನನ್ನ ಹಿಡಿತವೇ ತಪ್ಪಿ ಗಡಗಡ ಅಲುಗಿ, ಮತ್ತೆ ಹೇಗೋ ಜಾಗಕ್ಕೆ ಕೂರುತ್ತಿದ್ದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಪ್ರಖ್ಯಾತ್ ಐಸ್ ಪ್ಲಾಂಟಿನ ಬಾಗಿಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಹರಿಣಾಕ್ಷಿ ಹಲ್ಲಿನ ಡಬ್ಬಿಗಳ ಚೀಲ ಹಿಡಿದು ಬಂದಳು. ಬಾಗಿಲು ತೆರೆದಳು. ತಗ್ಗಿದ ಕಾರಿನ ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು. ನನ್ನ ಮೇಲಿನ ಭಾರ ಒಂದಿಷ್ಟು ಹೆಚ್ಚಾಯಿತು.

ಅವನು ಸ್ಟೂಲು ಹಿಡಿದುಕೊಂಡು ಓಡಿಬಂದ. "ಅಕ್ಕ! ಹೇಗೆ ಹತ್ತಿದ್ದು ನೀನು?"

"ಹತ್ತಲೇ ಇಲ್ಲ. ಕೂತೆ, ಅಷ್ಟೆ."

ಅವನು ನಕ್ಕ. ಅವಳು ನಗಲಿಲ್ಲ. ಮೆಲ್ಲಗೆ ಇಳಿದಳು, ಬಾಗಿಲು ಹಾಕಿದಳು, ತೆರೆದು ಮತ್ತೆ ಕೂತಳು. ಮತ್ತೆ ಇಳಿದಳು. ಹೀಗೆ ನಾಲ್ಕು ಸಲ. ಪ್ರಖ್ಯಾತ್ ಸ್ಟೂಲನ್ನು ಗೋಡೆಗೊರಗಿಸಿ ನಿಂತ. ಅಂದಿನಿಂದ ಆ ಸ್ಟೂಲು ಕಾರಿನ ಹತ್ತಿರ ಬರಲಿಲ್ಲ.

ನಾನಿರುವುದು ಚಕ್ರದ ಒಳಬದಿಯಲ್ಲಿ. ಜನ ನೋಡುವ ಹೊರಬದಿ ನನಗೆ ಕಾಣುವುದಿಲ್ಲ. ಹೊರಗಿನಿಂದ ಟಯರು ಹೊಸದರಂತೆ ಇತ್ತಂತೆ. ಒಳಗಿನ ಕಥೆ ಬೇರೆ. ವಾಲಿದ ಚಕ್ರ ಒಳ ಅಂಚಿನ ಮೇಲೆಯೇ ಓಡುತ್ತಿತ್ತು. ದಿನ ಹೋದಂತೆ ಅಲ್ಲಿಯ ಗೀರುಗಳು ಅಳಿಸಿದವು, ರಬ್ಬರು ನುಣುಪಾಯಿತು, ಆಮೇಲೆ ಒಳಗಿನ ನೂಲು ಹೊರಬಿತ್ತು, ಕೊನೆಗೆ ತಂತಿಯ ತುದಿಗಳು ಇಣುಕಿದವು. ನಾನು ಕಿರುಗುಟ್ಟಿದೆ, ಬಡಿದುಕೊಂಡೆ. ಆ ಸದ್ದನ್ನೂ ಜನ ಮೆಚ್ಚಿದರು.

ಸಿರಿಲಣ್ಣ ಒಮ್ಮೆ ರಸ್ತೆಬದಿ ಕಾರನ್ನು ಕಂಡು ನಿಲ್ಲಿಸಿದ್ದರು. "ಹೊರಗಿಂದ ಎಂತ ನೋಡ್ತೀ? ಒಳಗೆ ಕೈಹಾಕಿ ನೋಡು ಟಯರನ್ನು."

"ನೋಡ್ತೇನೆ ಸಿರಿಲಣ್ಣ, ನೋಡ್ತೇನೆ. ಈಗ ಅರ್ಜೆಂಟ್ ಉಂಟು" ಎಂದು ಪ್ರಖ್ಯಾತ್ ಹೊರಟಿದ್ದ.

ಜುಲೈ ತಿಂಗಳ ಒಂದು ಬೆಳಿಗ್ಗೆ. ಹರಿಣಾಕ್ಷಿ ಮಾಡಿದ ಹಲ್ಲಿನ ಸೆಟ್ಟುಗಳನ್ನು ದೇರಳಕಟ್ಟೆಯ ದಂತವೈದ್ಯರಿಗೆ ಮುಟ್ಟಿಸಬೇಕಿತ್ತು, ಅವಳೂ ಪಕ್ಕದಲ್ಲಿ ಕೂತಿದ್ದಳು. ನೇತ್ರಾವತಿ ಸೇತುವೆ ದಾಟಿದ ಮೇಲೆ ಪ್ರಖ್ಯಾತ್ ವೇಗ ಹೆಚ್ಚಿಸಿದ. ಒದ್ದೆ ರಸ್ತೆ. ನನ್ನ ಪಕ್ಕದಲ್ಲೇ, ಕಿವಿಗೆ ಹೊಡೆದಂತೆ, ಟಯರು ಸಿಡಿಯಿತು. ಚಕ್ರ ನೆಲಕ್ಕೆ ಕುಸಿಯಿತು, ರಿಮ್ಮು ಡಾಂಬರಿಗೆ ಉಜ್ಜಿತು, ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಮೋರಿಯ ಕಟ್ಟೆಗೆ ಬಡಿದು ನಿಂತಿತು. ನನ್ನ ಶಕ್ತಿಯನ್ನೆಲ್ಲ ಹಾಕಿ ತಡೆದೆ. ತಡೆಯುವಷ್ಟು ನಾನು ಉಳಿದಿರಲಿಲ್ಲ.

ಮೇಲಿನಿಂದ ಪ್ರಖ್ಯಾತನ ದನಿ ಬಂತು. "ಅಕ್ಕ! ಅಕ್ಕ, ಮಾತಾಡು!"

ಅವಳು ಹೇಳಿದಳು. "ಕೈ... ಬಲಗೈ. ನೋಡು, ಬೆರಳು ಆಡ್ತದಾ? ನನಗೆ ಗೊತ್ತಾಗುದಿಲ್ಲ."

ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಕೂದಲೆಳೆಯಷ್ಟು ಸೂಕ್ಷ್ಮದ ಕೆಲಸ ಮಾಡುವ ಕೈ ಅದು.

ಕಾರನ್ನು ಎಳೆದು ತಂದು ಐಸ್ ಪ್ಲಾಂಟಿನ ಹಿತ್ತಿಲಲ್ಲಿ ಬಿಟ್ಟರು. ಎರಡು ತಿಂಗಳು ಅಲ್ಲೇ. ಒಡೆದ ಚಕ್ರ, ಓರೆಯಾಗಿ ಬಿದ್ದ ಭಾರ. ಗಂಟೆಗೊಮ್ಮೆ ಮಂಜುಗಡ್ಡೆ ಒಡೆಯುವ ಯಂತ್ರದ ಅದುರುವಿಕೆ ನೆಲದಿಂದ ಮೇಲಕ್ಕೆ ಹರಿಯುವಾಗ ನಾನು ಸುಮ್ಮನೆ ನಡುಗುತ್ತಿದ್ದೆ. ಅವಳ ಬೆರಳು ಏನಾಯಿತು, ಹೇಳುವವರಿರಲಿಲ್ಲ. ಪ್ರಖ್ಯಾತನ ಬಿಳಿ ಬೂಟು ಆ ಕಡೆ ಬರಲೇ ಇಲ್ಲ.

ಕೊನೆಗೊಂದು ದಿನ ಇಬ್ಬರೂ ಬಂದರು. ಅವನ ಕಾಲಲ್ಲಿ ಹವಾಯಿ ಚಪ್ಪಲಿ. ಅವಳು ಬಗ್ಗಿ ಚಕ್ರದ ಸಂದಿಗೆ ಮುಖವಿಟ್ಟಳು. ಕೈಗೆ ಪ್ಲಾಸ್ಟರ್ ಇನ್ನೂ ಇತ್ತು. ಹರಿದ ಟಯರಿನ ಒಳ ಅಂಚನ್ನು ಎಡಗೈ ಬೆರಳಿಂದ ಉದ್ದಕ್ಕೂ ಸವರಿದಳು.

"ಇದನ್ನು ಎಂತ ಮಾಡ್ತೀ?"

"ಗುಜರಿಗೆ ಕೊಡ್ತೇನೆ. ನನಗಿದು ನೋಡ್ಲಿಕ್ಕೇ ಆಗುದಿಲ್ಲ."

"ಕೊಡ್ಬೇಡ. ನನಗೆ ಬೇಕು. ನಾನು ಡ್ರೈವಿಂಗ್ ಕಲೀತೇನೆ."

"ನಿನ್ನ ಕೈ ಮುರಿದ ಕಾರು ಅಕ್ಕ ಇದು!"

"ಕೈ ಮುರಿದದ್ದು ನಿನ್ನ ಉದಾಸೀನ, ಕಾರಲ್ಲ" ಎಂದಳು ಅವಳು. "ಇಷ್ಟು ವರ್ಷದಲ್ಲಿ ಯಾರೂ ಎತ್ತದೆ ನಾನು ಕೂತ ಗಾಡಿ ಇದೊಂದೇ."

ಪ್ರಖ್ಯಾತ್ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನ ಮುಖ ನನಗೆ ಕಂಡದ್ದು ಆಗಲೇ. ಚಿಕ್ಕ ಮುಖ, ಅಕ್ಕನದ್ದೇ ಹಣೆ. ಅವನು ಅಳುತ್ತಿದ್ದ. ಅವಳು ಪ್ಲಾಸ್ಟರಿನ ಕೈಯನ್ನೇ ಅವನ ತಲೆಯ ಮೇಲಿಟ್ಟಳು.

ಕಾರು ಸಿರಿಲಣ್ಣನ ಗ್ಯಾರೇಜಿಗೆ ಹೋಯಿತು. ಅವರು ಎಲ್ಲ ಕೇಳಿ ತಲೆಯಾಡಿಸಿದರು.

"ಕಾರು ಮಾಡಿ ಕೊಡ್ತೇನೆ ಹರಿಣಕ್ಕ. ಪೆಡಲ್ ಉದ್ದ ಮಾಡಿ ಕೊಡ್ತೇನೆ, ಸೀಟಿಗೆ ದಿಂಬು ಹಾಕುವಾ. ಆದ್ರೆ ಈ ತಗ್ಗು ಮಾತ್ರ ಬೇಡ. ಕಂಪೆನಿಯವರು ಮಾಡಿದ ಎತ್ತರಕ್ಕೇ ತರುದು."

"ಕಂಪೆನಿಯವರು ನನ್ನನ್ನು ನೋಡಿ ಮಾಡಿದ್ದಾ ಸಿರಿಲಣ್ಣ?"

ಸಿರಿಲಣ್ಣ ಕೈ ಒರೆಸುವ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಒಂದು ಹಲ್ಲು ಕಾಗದದಷ್ಟು ಎತ್ತರ ಆದ್ರೆ ಇಡೀ ದವಡೆ ನೋಯ್ತದೆ" ಎಂದಳು ಹರಿಣಾಕ್ಷಿ. "ಹಾಗೇಂತ ಹಲ್ಲೇ ಬೇಡ ಅಂತ ಹೇಳ್ತೇವಾ? ಉಜ್ಜಿ, ಕೂರಿಸಿ, ಕಚ್ಚಿಸಿ ನೋಡ್ತೇವೆ. ಈ ಟಯರಿನ ಒಳಗಿನ ಅಂಚು ಮಾತ್ರ ಹೋಗಿದೆ. ಅಂದ್ರೆ ಭಾರ ಪೂರಾ ಒಂದೇ ಕಡೆ ಕೂತಿದೆ, ಅಲ್ವಾ? ತಗ್ಗು ಇದ್ದುಕೊಂಡೇ ನೇರ ನಿಲ್ಲಿಸ್ಲಿಕ್ಕೆ ಬರುದಿಲ್ವಾ?"

"ಬರ್ತದೆ" ಎಂದರು ಸಿರಿಲಣ್ಣ ನಿಧಾನಕ್ಕೆ. "ತಗ್ಗು ಬೇರೆ, ಓರೆ ಬೇರೆ. ನಿಮ್ಮ ತಮ್ಮನಿಗೆ ಇಷ್ಟು ಹೇಳ್ಲಿಕ್ಕೆ ಎರಡು ವರ್ಷ ನೋಡಿದೆ ನಾನು."

ಆಮೇಲೆ ನಡೆದದ್ದನ್ನು ನಾನು ಮರೆತಿಲ್ಲ. ಅವರು ಜಾಕಿನಿಂದ ಕಾರನ್ನು ಹಳೆಯ ಎತ್ತರಕ್ಕೆ ಏರಿಸಿ ಮರದ ತುಂಡುಗಳ ಮೇಲೆ ನಿಲ್ಲಿಸಿದರು. ಹರಿಣಾಕ್ಷಿ ಬಾಗಿಲು ಹಿಡಿದು ಕಾಲೆತ್ತಿದಳು, ಆಗಲಿಲ್ಲ. ಒಂದು ಬೆರಳು ಇಳಿಸಿದರು. ಆಗಲಿಲ್ಲ. ಇನ್ನೊಂದು ಬೆರಳು. ಕಾಲು ಹೊಸ್ತಿಲಿಗೆ ಬಂತು, ಮೈ ಮೇಲೆ ಬರಲಿಲ್ಲ, ಜಾರಿದಳು. ಪ್ರಖ್ಯಾತನ ಎರಡೂ ಕೈ ತಾವಾಗಿ ಮುಂದೆ ಬಂದವು. "ಮುಟ್ಬೇಡ" ಎಂದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮತ್ತೆ ಅರ್ಧ ಬೆರಳು ಇಳಿಯಿತು. ಅವಳು ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಮೇಲೆ ಬಂದು ಕೂತಳು. ಸಿರಿಲಣ್ಣ ಟೇಪು ಹಿಡಿದು ನೆಲದಿಂದ ಹೊಸ್ತಿಲಿನವರೆಗೆ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಇದ್ದದ್ದಕ್ಕಿಂತ ಒಂದೂವರೆ ಬೆರಳು ಮೇಲೆ, ಕಂಪೆನಿಯ ಎತ್ತರಕ್ಕಿಂತ ಎರಡೂವರೆ ಬೆರಳು ಕೆಳಗೆ.

ನನ್ನ ತೀರ್ಪು ಅದಾದ ಮೇಲೆ ಬಂತು. ಚಕ್ರ ನೇತಾಡುವಂತೆ ಕಾರನ್ನು ಪೂರ್ತಿ ಎತ್ತಿ, ಸಿರಿಲಣ್ಣ ನನ್ನ ಮೈಗೆ ಕೈಹಾಕಿ ತಿರುಗಿಸಿದರು. ಬಿಗಿಯಾಗಿ ಕೂತಿರಬೇಕಾದ ನಾನು ಬಳೆಯಂತೆ ಸಲೀಸಾಗಿ ತಿರುಗಿದೆ.

"ನೋಡು ಪ್ರಖ್ಯಾತ್. ಹೀಗೆ ಕೈಯಲ್ಲಿ ತಿರುಗುವ ಸ್ಪ್ರಿಂಗಿನ ಮೇಲೆ ನಿನ್ನ ಅಕ್ಕನನ್ನು ಕೂರಿಸಿದ್ದು ನೀನು. ಇದನ್ನು ಇನ್ನು ಯಾವ ಕಾರಿಗೂ ಹಾಕ್ಲಿಕ್ಕಿಲ್ಲ."

ನನ್ನನ್ನು ಕಳಚಿದರು. ಹನ್ನೆರಡು ವರ್ಷದ ಭಾರ ಒಮ್ಮೆಗೇ ಇಳಿಯಿತು. ಹಗುರವಾಗಬೇಕಿತ್ತು, ನನಗೆ ಬಿದ್ದುಹೋಗುತ್ತಿರುವಂತೆ ಅನ್ನಿಸಿತು. ಬಲಚಕ್ರದ ನನ್ನ ಜೊತೆಗಾರನನ್ನು ಯಾರೋ ಅದೇ ದಿನ ಗುಜರಿಗೆ ಒಯ್ದರು. ನನ್ನನ್ನು ಗ್ಯಾರೇಜಿನ ಕಿಟಕಿಯ ಕಟ್ಟೆಯ ಮೇಲಿಟ್ಟರು. ಏಕೋ ಗೊತ್ತಿಲ್ಲ, ಮತ್ತೆ ಅಲ್ಲಿಂದ ಎತ್ತಲಿಲ್ಲ. ಅಲ್ಲಿಂದ ಮೊದಲ ಬಾರಿಗೆ ಎಲ್ಲವನ್ನೂ ಮೇಲಿನಿಂದ ನೋಡಿದೆ.

ಪ್ರಖ್ಯಾತ್ ಉಳಿದಿದ್ದ ಹೊಳೆಯುವ ಅಗಲ ರಿಮ್ಮುಗಳನ್ನು ಕಾಸರಗೋಡಿನ ಒಬ್ಬನಿಗೆ ಕೊಟ್ಟು, ಬದಲಿಗೆ ಅಳತೆಗೆ ಮಾಡಿದ ಗಿಡ್ಡ ಸ್ಪ್ರಿಂಗುಗಳನ್ನೂ ಶಾಕುಗಳನ್ನೂ ತಂದ. ಮೂರು ತಿಂಗಳು ಕಾದು ತಂದ. ಅರದಿಂದ ಉಜ್ಜಿದ್ದ ಹಳೆಯ ಭಾಗಗಳನ್ನು ತೆಗೆದುಹಾಕಿ, ಸಿರಿಲಣ್ಣ ಚಕ್ರಗಳನ್ನು ತಿದ್ದಲು ಕೂತರು. ಒಂದು ಡಿಗ್ರಿಗಿಂತಲೂ ಕಡಿಮೆ ಓರೆ ಉಳಿಯುವವರೆಗೆ, ಎರಡು ಚಕ್ರದ ಮೂತಿ ಒಂದೇ ದಿಕ್ಕಿಗೆ ಬರುವವರೆಗೆ, ಎರಡು ದಿನ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹರಿಣಾಕ್ಷಿ ಅಳತೆಗಳನ್ನು ಓದಿ ಹೇಳುತ್ತಿದ್ದಳು. ಪ್ಲಾಸ್ಟರ್ ತೆಗೆದ ಕೈಯಲ್ಲಿ ಒಂದು ರಬ್ಬರಿನ ಚೆಂಡು ಹಿಡಿದು ಒತ್ತುತ್ತಲೇ ಇರುತ್ತಿದ್ದಳು. ಬೆರಳುಗಳು ಮೊದಲಿನಷ್ಟಲ್ಲದಿದ್ದರೂ ಕೆಲಸಕ್ಕೆ ಮರಳಿದ್ದವು. ಅಂಗಳದಲ್ಲೇ ಅವಳು ಕಾರು ಕಲಿತದ್ದು. ಎರಡು ಸಲ ಸಿರಿಲಣ್ಣನ ನೀರಿನ ಡ್ರಮ್ಮಿಗೆ ಗುದ್ದಿದಳು. ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರು ಕಾರಿನ ಅಡಿಗೆ ಬಗ್ಗಿ ಟಾರ್ಚು ಬಿಟ್ಟು ನೋಡಿದರಂತೆ, ಪೆಡಲು ಒತ್ತಿಸಿ ನೋಡಿದರಂತೆ, ಎರಡನೆಯ ಸಲಕ್ಕೆ ಒಪ್ಪಿದರಂತೆ.

ಅದಾಗಿ ಒಂದು ವರ್ಷ ಕಳೆಯಿತು. ನನ್ನ ಮೈಗೆ ತುಕ್ಕು ಬಂದಿದೆ. ಕೆಳಗೆ ಬರುವ ಒಂದೊಂದು ಕಾರಿನ ಸ್ಪ್ರಿಂಗು ಕಿರುಗುಟ್ಟಿದಾಗಲೂ ನಾನು ಒಳಗೇ ಬಿಗಿಯುತ್ತೇನೆ. ಭಾರವಿದ್ದಾಗ ಅದನ್ನು ಎಸೆಯಲು ಹಾತೊರೆದೆ. ಈಗ ಭಾರವಿಲ್ಲ, ಅದು ಬೇಕೆಂದು ಹಾತೊರೆಯುತ್ತೇನೆ. ವೇಗ ಬಯಸಿದ್ದೆ, ಚಪ್ಪಾಳೆ ಬಯಸಿದ್ದೆ, ಎರಡೂ ಸಿಕ್ಕಿದವು. ನನ್ನ ಮೇಲೆ ಒಬ್ಬಳು ತಾನಾಗಿ ಬಂದು ಕೂತ ಬೆಳಿಗ್ಗೆಯೇ ನನಗೆ ಹೆಚ್ಚು ನೆನಪಾಗುತ್ತದೆ. ಅವಳ ಕೈ ಮುರಿದದ್ದೂ ನಾನೇ ಎಂಬುದು ಅದರ ಬೆನ್ನಿಗೇ ಬರುತ್ತದೆ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ.

ಮೊನ್ನೆ ಅವಳು ಬಂದಿದ್ದಳು. ಒಬ್ಬಳೇ, ಉಡುಪಿಯಲ್ಲಿ ಹಲ್ಲಿನ ಸೆಟ್ಟು ಕೊಟ್ಟು, ತಾನೇ ಕಾರು ಬಿಟ್ಟುಕೊಂಡು. ಸಿರಿಲಣ್ಣ ಟಯರಿನ ಒಳಗೆ ಕೈಹಾಕಿ ಸವರಿದರು. "ಒಳಗೂ ಅಷ್ಟೇ, ಹೊರಗೂ ಅಷ್ಟೇ ಸವೆದಿದೆ. ಲಾಯ್ಕುಂಟು" ಎಂದರು. ಚಾ ತರಲು ಅವರು ಒಳಗೆ ಹೋದಾಗ ಅವಳು ಸ್ಟೂಲೆಳೆದು ಹತ್ತಿ, ಕಿಟಕಿಯ ಕಟ್ಟೆಗೆ ಮುಖ ತಂದು ನನ್ನನ್ನು ನೋಡಿದಳು. ಕತ್ತರಿಸಿದ ತುದಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಅಂಗೈಯನ್ನು ನನ್ನ ಮೇಲಿಟ್ಟು, ತನ್ನ ಭಾರ ಬಿಟ್ಟು ಒಮ್ಮೆ ಒತ್ತಿದಳು.

ಉಕ್ಕು ಕದಲಲಿಲ್ಲವೆಂದು ಅವಳಿಗೆ ಅನ್ನಿಸಿರಬೇಕು. ಕದಲಿತ್ತು.